ಪ್ರಿಂಟರುಗಳ ಬೀದಿ

ಸರ್ವರ್ ರೂಮು ಹಿಂದೆ ಕಕ್ಕಸಾಗಿತ್ತು ಎನ್ನುವುದನ್ನು ಎಷ್ಟು ಫಿನಾಯಿಲು ಹೊಯ್ದರೂ ಮರೆಯುವ ಹಾಗಿರಲಿಲ್ಲ. ನಲ್ಲಿಗಳನ್ನು ಕಿತ್ತು, ನೆಲದ ತೂತಿಗೆ ಸಿಮೆಂಟು ಮೆತ್ತಿ, ಗೋಡೆಗೊಂದು ಎ.ಸಿ. ಸಿಕ್ಕಿಸಿ, ಬಾಗಿಲಿಗೆ ಬೋರ್ಡು ಹೊಡೆದಿದ್ದರು, ಅಷ್ಟೆ. ಹಳದಿ ಟೈಲ್ಸು ಹಾಗೇ ಇತ್ತು. ಟೈಲ್ಸಿನ ಸಂದುಗಳ ಕಪ್ಪು ಹಾಗೇ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಮೂಗಿಗೆ ಬಡಿಯುವುದು ಹಾಗೇ ಇತ್ತು. ಥೂ ಎಂದುಕೊಂಡು ವಿಶ್ವನಾಥನ್ ಕುರ್ಚಿ ಎಳೆದು ಕೂತ. ಕುರ್ಚಿಯ ಕೈ ಅಂಟಂಟಾಗಿತ್ತು. ನಿನ್ನೆ ಮ್ಯಾನೇಜರ್ ಬಾಲಾಜಿ ಇಲ್ಲೇ ಕೂತು ಎಗ್ ಪಫ್ಸ್ ತಿಂದು, ಬೆರಳುಗಳನ್ನು ಈ ಕುರ್ಚಿಗೇ ಒರೆಸಿದ್ದ; ಒರೆಸುವಾಗ ವಿಶ್ವನಾಥನ್ ನೋಡುತ್ತಲೇ ಇದ್ದ, ನೋಡಿ ನಕ್ಕೂ ಇದ್ದ. ನಕ್ಕಿದ್ದು ಈಗ ಕುರ್ಚಿಯ ಜಿಡ್ಡಿಗಿಂತ ಹೆಚ್ಚು ಅಸಹ್ಯವಾಯಿತು. ಕಿಟಕಿಯಾಚೆಯ ಶೆಡ್ಡಿನಿಂದ ನೂಲಿಗೆ ಹಚ್ಚುವ ಗಂಜಿ ಬೇಯುವ ಹುಳಿ ವಾಸನೆ ಬರುತ್ತಿತ್ತು. ಇಲ್ಲಿ ಟವೆಲು ನೇಯ್ದು ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿನ ಬಿಳಿಯರು ಆ ಟವೆಲಿನಿಂದ ಮುಖ ಒರೆಸಿಕೊಳ್ಳುವಾಗ ಈ ವಾಸನೆ ಅವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕು, ಒಂದು ಸಲವಾದರೂ ಅವರ ಮೂಗಿಗೆ ಹೊಡೆಯಬೇಕು ಎಂದು ಅವನು ದಿನಾ ಬೆಳಿಗ್ಗೆ ಹಾರೈಸುತ್ತಿದ್ದ. ಟೀ ಬಂತು. ಕೆನೆ ಕಟ್ಟಿತ್ತು. ಬೆರಳಿನಿಂದ ಕೆನೆ ಎತ್ತಿ ಎಲ್ಲಿ ಹಾಕುವುದೆಂದು ತಿಳಿಯದೆ ಮತ್ತೆ ಲೋಟದೊಳಕ್ಕೇ ಬಿಟ್ಟು ಕುಡಿದ.

ಇವತ್ತು ಬೀದಿಗಳನ್ನು ಬದಲಿಸುವ ದಿನ. ಎದುರಿಗಿನ ಕಪಾಟಿನಲ್ಲಿದ್ದ ಚಪ್ಪಟೆ ಪೆಟ್ಟಿಗೆ ಫೈರ್‌ವಾಲ್. ಕಂಪನಿಯೊಳಗಿನ ಯಾವ ಯಂತ್ರ ಹೊರಗಿನ ಇಂಟರ್‌ನೆಟ್ಟಿನ ಜೊತೆ ಮಾತಾಡಬಹುದು, ಯಾವ ಹೊತ್ತಿನಲ್ಲಿ ಮಾತಾಡಬಹುದು ಎಂದು ಹೇಳುವುದು ಅದು. ಆಫೀಸಿನ ಕಂಪ್ಯೂಟರುಗಳನ್ನು ಒಂದು ಗುಂಪು ಮಾಡಿರುತ್ತಾರೆ, ಕ್ಯಾಮೆರಾಗಳನ್ನು ಒಂದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಜರಿ ಯಂತ್ರಗಳನ್ನು ಒಂದು, ಪ್ರಿಂಟರುಗಳನ್ನು ಒಂದು. ಕಲಿಸಿದವರು ಸೆಗ್ಮೆಂಟ್ ಅಂದಿದ್ದರು. ಸೇಲಂನ ಗುಗೈಯಲ್ಲಿ, ನೇಕಾರರ ಬೀದಿಯಲ್ಲಿ ಹುಟ್ಟಿದ ವಿಶ್ವನಾಥನ್‌ಗೆ ಅವೆಲ್ಲ ಬೀದಿಗಳು. ಹೆಂಗಸರ ಹಾಸ್ಟೆಲಿನ ಫೋನುಗಳಿಗೂ ಒಂದು ಬೀದಿ ಇತ್ತು. ಅದು ಸಂಜೆ ಕೆಲಸ ಬಿಟ್ಟು, ಉಂಡು, ಪಾತ್ರೆ ತೊಳೆದಾದ ಮೇಲೆ ಸ್ವಲ್ಪ ಹೊತ್ತು ತೆರೆದು ಮುಚ್ಚಿಕೊಳ್ಳುತ್ತಿತ್ತು. ಪ್ರಿಂಟರುಗಳ ಬೀದಿ ಮಾತ್ರ ದಿನವಿಡೀ ಬಾಯಿ ತೆರೆದಿರುತ್ತಿತ್ತು. ಯಾಕೆಂದರೆ ಈಗಿನ ಪ್ರಿಂಟರುಗಳು ತಮ್ಮ ಇಂಕು ಮುಗಿಯುತ್ತ ಬಂದರೆ ತಾವೇ ಅದನ್ನು ಮಾಡಿದವರಿಗೆ ಹೇಳಿಕೊಳ್ಳುತ್ತವೆ. ಹೇಳಿಕೊಳ್ಳಲು ಅವಕ್ಕೆ ಅನುಮತಿ ಇದೆ. ಟವೆಲು ಕೊಳ್ಳುವ ಹೊರದೇಶದವರು ಈಗ ಹೊಸ ತಗಾದೆ ತೆಗೆದಿದ್ದರು: ಆಫೀಸಿನ ಬೀದಿಯಲ್ಲಿ ಯಾರ ಫೋನೂ ಇರಕೂಡದು, ಎಲ್ಲವನ್ನೂ ಎಬ್ಬಿಸಿ ಹಾಸ್ಟೆಲಿನ ಬೀದಿಗೆ ಸಾಗಿಸಿ, ನಮ್ಮ ಆಡಿಟರು ಬೆಂಗಳೂರಿನಿಂದ ಕೂತು ನೋಡುತ್ತಾರೆ. ಪೆಟ್ಟಿಗೆಯ ಪರದೆಯಲ್ಲಿ ಒಂದೊಂದನ್ನೇ ಒತ್ತುತ್ತ ಕೂತರೆ ಹೊತ್ತು ಮುಳುಗುತ್ತದೆ. ಅದಕ್ಕೆ ವಿಶ್ವನಾಥನ್ ಇಡೀ ಕಾನ್ಫಿಗರೇಶನ್ನನ್ನು ಒಂದು ಫೈಲಾಗಿ ಇಳಿಸಿಕೊಳ್ಳುತ್ತಾನೆ. ಅದರಲ್ಲಿ ಯಂತ್ರಕ್ಕೊಂದು ಸಾಲು: ಹೆಸರು, ಗುರುತಿನ ಸಂಖ್ಯೆ, ಬೀದಿ. ಹುಡುಕು, ಬದಲಿಸು ಎಂದು ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿ ಮತ್ತೆ ಪೆಟ್ಟಿಗೆಗೆ ತುಂಬುತ್ತಾನೆ. ಒಂದೇ ಏಟಿಗೆ ಮಾಡಿದರೆ ಯಾರ ಮುಖವೂ ನೆನಪಾಗುವುದಿಲ್ಲ, ಅದೊಂದು ಅನುಕೂಲ.

ಮುಖ ನೆನಪಿಸುವುದಕ್ಕೆ ಬಾಲಾಜಿ ಇದ್ದನಲ್ಲ. ನಿನ್ನೆಯೆಲ್ಲ ಅವನು ಪಫ್ಸ್ ಅಗಿಯುತ್ತ ಹೆಗಲ ಮೇಲಿಂದ ಬಗ್ಗಿ, ಇದು ಬೇಡ, ಅದು ಇರಲಿ ಎಂದು ಪರದೆಯ ಮೇಲೆ ಬೆರಳು ಒತ್ತಿ ತೋರಿಸಿದ್ದ. ಮುದಲಾಳಿಯ, ಅಂದರೆ ಕಂಪನಿಯ ಧಣಿಯ, ಅಳಿಯನ ಫೋನು ಆಫೀಸಿನ ಬೀದಿಯಲ್ಲೇ ಇರಲಿ. ಮುದಲಾಳಿಯ ಜೋಸ್ಯರ ಫೋನೂ ಇರಲಿ, ಅವರು ವಾರಕ್ಕೊಮ್ಮೆ ಬಂದಾಗ ಸಿಟ್ಟಾಗುತ್ತಾರೆ. ಮುದಲಾಳಿಯ ಮಗನ ವಿಡಿಯೊ ಗೇಮಿನ ಪೆಟ್ಟಿಗೆಯನ್ನು ಕ್ಯಾಮೆರಾ ಎಂದು ಬರೆದು ಕ್ಯಾಮೆರಾಗಳ ಬೀದಿಗೆ ಹಾಕು. "ಎನ್ನ ವಿಸು, ಎನ್ ಫೋನ್ ಮರಂದುಡಾದೆ" ಎಂದು ತನ್ನದನ್ನೂ ನೆನಪಿಸಿದ್ದ. ವಯಸ್ಸಿನಲ್ಲಿ ಚಿಕ್ಕವನು, ಹೋಗು ಬಾ ಎನ್ನುತ್ತಾನೆ, ವಿಶ್ವನಾಥನ್ ಎಂಬ ಹೆಸರನ್ನು ನಾಯಿಮರಿ ಕರೆದ ಹಾಗೆ ವಿಸು ಮಾಡಿಕೊಂಡಿದ್ದಾನೆ. ಹಾಸ್ಟೆಲಿನ ಮಾತು ಬಂದಾಗ ಹಲ್ಲಿನ ಸಂದಿಯ ಚೂರನ್ನು ನಾಲಿಗೆಯಿಂದ ಕೆದಕಿಕೊಂಡು, ಈ ಧರ್ಮಪುರಿ ಕಡೆಯ ಹೆಂಗಸರಿಗೆ ಫೋನು ಬಿಟ್ಟರೆ ಯಾರ ಹತ್ತಿರ ಏನು ಮಾತಾಡುತ್ತವೋ ಯಾರಿಗೆ ಗೊತ್ತು ಎಂದು ತಮಿಳಿನಲ್ಲಿ ಹೇಳಿ ಕಣ್ಣು ಮಿಟುಕಿಸಿದ್ದ. ಆ ಕಣ್ಣು ಮಿಟುಕಿಗೂ ವಿಶ್ವನಾಥನ್ ನಕ್ಕ. ನಗುವುದು ಅವನ ಮುಖಕ್ಕೆ ತಾನಾಗಿ ಬರುತ್ತದೆ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆಲ್ಲ ಬರುತ್ತದೆ.

ಈಗ ಫೈಲಿನಲ್ಲಿ ಕೆಳಕ್ಕೆ ಜಾರುತ್ತ ಪ್ರಿಂಟರುಗಳ ಬೀದಿಗೆ ಬಂದ. ಅಕೌಂಟ್ಸ್ ಪ್ರಿಂಟರು, ಗೋಡೌನ್ ಪ್ರಿಂಟರು, ಲೇಬಲ್ ಪ್ರಿಂಟರು, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕೂಸು. ಪ್ರಿಂಟರಲ್ಲ, ಹಾಸ್ಟೆಲಿನ ಭುವನಾಳ ಫೋನು. ಅವನೇ ಇಟ್ಟ ಹೆಸರು. ಹೊಸ ಪ್ರಿಂಟರು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಬರೆದಿದ್ದರೆ ತಾನು ಮಾಡಿದ ಒಳ್ಳೆಯ ಕೆಲಸ ತನಗೇ ಕಾಣುತ್ತಿರಲಿಲ್ಲ. ಫೈಲು ತೆರೆದಾಗಲೆಲ್ಲ ಕಣ್ಣಿಗೆ ಬೀಳಬೇಕು, ಬಿದ್ದಾಗ ಎದೆಯಲ್ಲಿ ಸ್ವಲ್ಪ ಬೆಚ್ಚಗಾಗಬೇಕು ಎಂದು ಆ ಹೆಸರು ಇಟ್ಟಿದ್ದ. ಹಾಜರಿ ಯಂತ್ರ ರಿಪೇರಿ ಮಾಡುತ್ತಿದ್ದ ದಿನ ಅದು. ಬ್ಲೀಚಿನ ನೀರಿನಲ್ಲಿ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದೆ ಕೆಂಪು ದೀಪ ತೋರಿಸುತ್ತಿದ್ದಾಗ, "ಅಯ್ಯೋ ನನ್ ಬೆಳ್ಳೇ ಸತ್ತೋಯ್ತಾ" ಎಂದು ಭುವನಾ ತನ್ನಷ್ಟಕ್ಕೆ ಗೊಣಗಿದಳು. ಅವನು ತಿರುಗಿ, "ಬೆಳ್ಳು ನೆಟ್ಟಗೈತೆ, ಮಿಸೀನೇ ಸತ್ತೈತೆ" ಅಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, "ಅಣ್ಣಾ, ನೀವು ನಮ್ಮೋರಾ!" ಅಂದಳು. ನಮ್ಮೋರು ಅಂದರೆ ಜಾತಿಯಲ್ಲ. ಅವಳು ಪೆನ್ನಾಗರದ ಕಡೆಯ ರೈತರ ಮನೆಯವಳು, ಇವನು ದೇವಾಂಗದವನು. ಮಾತು ಒಂದೇ, ಅಷ್ಟೆ. ಆ ಮಾತಿನ ಸಲಿಗೆಯಿಂದ ಅವಳು ಅಲ್ಲೇ ನಿಂತು ಎಲ್ಲ ಹೇಳಿದಳು: ಗಂಡ ಪಳನಿ ಹೊಗೆನಕಲ್‌ನಲ್ಲಿ ಪರಿಸಲು, ಅಂದರೆ ಹರಿಗೋಲು, ನಡೆಸುತ್ತಾನೆ, ಹೊಳೆ ಏರಿದರೆ ಪರಿಸಲು ನಿಲ್ಲಿಸಿಬಿಡುತ್ತಾರೆ, ಕೂಸನ್ನು ಹಾಲು ಬಿಡಿಸಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. "ಮದ್ಯಾನ ಉಣ್ಣೋ ಒತ್ಗೆ ನನ್ ಮಕ ಕಂಡ್ರೇ ಅಣ್ಣಾ ಅದು ಬಾಯಿ ಬುಡೋದು. ಇಲ್ದಿದ್ರೆ ಅಲ್ ಕಚ್ಕಂಡು ಕೂತ್ಕಂತೈತೆ. ಇಲ್ಲಿ ಟವರೇ ಸಿಗಾಕಿಲ್ಲ. ಸಂಜೀಕೆ ನೆಟ್ ಬುಡ್ತಾರೆ, ಆವಾಗ ಅದು ನಿದ್ದೆ ಓಗಿರ್ತೈತೆ. ಆಸ್ಪತ್ರೆಗೆ ಒಯ್ದಿದ್ರು ಒಂದ್ ಕಿತ, ಒಣಗೋಗೈತೆ ಅಂದ್ರಂತೆ ಡಾಕ್ಟ್ರು."

ಕೊಡು ಫೋನು ಅಂದಿದ್ದ. ಎಷ್ಟು ದೊಡ್ಡಸ್ತಿಕೆಯಿಂದ ಅಂದಿದ್ದ! ಅವಳು ರವಿಕೆಯೊಳಗಿನಿಂದ ತೆಗೆದುಕೊಟ್ಟ ಫೋನು ಬೆಚ್ಚಗಿತ್ತು. ಆ ಬಿಸುಪನ್ನು ಅವನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡ. ಅದನ್ನು ಪ್ರಿಂಟರುಗಳ ಬೀದಿಗೆ ಸೇರಿಸಿದ. ಮರುದಿನ ಮಧ್ಯಾಹ್ನ ಕೇಬಲು ನೋಡುವ ನೆಪದಲ್ಲಿ ಮೆಟ್ಟಿಲ ಹತ್ತಿರ ಹೋಗಿ ಮರೆಯಲ್ಲಿ ನಿಂತ. ಅವಳು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಫೋನನ್ನು ಮೊಣಕಾಲಿಗೆ ಆನಿಸಿ, ಇಡೀ ಮೈ ಅಲ್ಲಾಡಿಸುತ್ತ ಮಾತಾಡುತ್ತಿದ್ದಳು; ಅಲ್ಲಿ ಎಲ್ಲೋ ಒಂದು ರಾಗಿಗಂಜಿಯ ಚಮಚ ಒಂದು ಬಾಯೊಳಕ್ಕೆ ಹೋಗುತ್ತಿತ್ತು. ಅದು ತನ್ನಿಂದ ಹೋಗುತ್ತಿದೆ ಎಂದುಕೊಂಡು ವಿಶ್ವನಾಥನ್ ಕೈಯಲ್ಲಿದ್ದ ಕೇಬಲನ್ನು ಮರೆತು ನಿಂತ. ಮನೆಯಲ್ಲಿ ಹೆಂಡತಿ ಅವನನ್ನು ಏನೂ ಕೇಳುವುದಿಲ್ಲ. ಅವ್ವ ಚೆಲ್ಲಮ್ಮ ಕೇಳುತ್ತಾಳೆ, ಆದರೆ ಅವಳು ಕನ್ನಡದಲ್ಲಿ ಬಾಯಿ ತೆರೆದರೆ ಮಗಳು ತಮಿಳ್‌ಸೆಲ್ವಿ, "ಪಾಟ್ಟಿ, ತಮಿಳ್‌ಲ ಪೇಸು, ಅಸಿಂಗಮಾ ಇರುಕ್ಕು" ತಮಿಳಿನಲ್ಲೇ ಮಾತಾಡು ಎಂದು ಸ್ನೇಹಿತೆಯರ ಎದುರು ಗದರುತ್ತಾಳೆ. ಅಸಿಂಗ, ಅಸಹ್ಯ. ಅಂಥ ಮನೆಯಿಂದ ಬಂದವನಿಗೆ ಯಾರೋ ಒಬ್ಬಳು ಮೆಟ್ಟಿಲಿನಿಂದ ಎದ್ದು ನಿಂತು ಅಣ್ಣಾ ಎಂದು ಕರೆದರೆ ಸಾಕು, ಬಾಲ ಅಲ್ಲಾಡಿಸಲು ತಡವಿಲ್ಲ. ಕೂಸಿನ ಹೆಸರೇನು ಎಂದು ಅವನು ಇವತ್ತಿನವರೆಗೂ ಕೇಳಿರಲಿಲ್ಲ.

ಆ ಸಾಲಿನ ಬಗ್ಗೆ ಅವನಿಗೆ ಭಯವಿರಲಿಲ್ಲ. ಅದು ಪ್ರಿಂಟರುಗಳ ನಡುವೆ ಇತ್ತು, ಪ್ರಿಂಟರುಗಳು ಇದ್ದಲ್ಲೇ ಇರುತ್ತವೆ. ಯಾರಾದರೂ ಹೆಸರು ಓದಿದರೂ ಏನರ್ಥ ಮಾಡಿಕೊಂಡಾರು? ನಮ್ಮ ಮಾತು ಯಾರಿಗೆ ತಿಳಿಯುತ್ತದೆ ಎನ್ನುವ ಧೈರ್ಯ ಗುಗೈಯ ಕನ್ನಡದವರಿಗೆ ಹಾಲಿನ ಜೊತೆಗೇ ಬಂದಿರುತ್ತದೆ. ಅಪ್ಪ ಕುಪ್ಪುಸ್ವಾಮಿ ಸೀರೆ ತೆಗೆದುಕೊಂಡು ಹೋಗಲು ಬಂದ ಆಗಿನ ಮುದಲಾಳಿಯ ಎದುರು ಕೈಕಟ್ಟಿ, ತಮಿಳಿನಲ್ಲಿ "ನೀಂಗ ಸೊನ್ನಾ ಸರಿದಾನುಂಗ", ನೀವು ಹೇಳಿದ ಮೇಲೆ ಸರಿಯೇ, ಎಂದು ಹಲ್ಲು ಬಿಡುತ್ತಿದ್ದ. ಅದೇ ನಗುಮುಖ ಇಟ್ಟುಕೊಂಡು ಒಳಗಿದ್ದ ಅವ್ವನಿಗೆ, "ಈ ಕಳ್ ನನ್ಮಗ ಈ ಸಲಾನೂ ಅಂಚು ಸರಿಯಿಲ್ಲ ಅಂತಾನೆ, ನೀರ್ ಕೊಟ್ಟು ಕಳ್ಸು" ಅನ್ನುತ್ತಿದ್ದ. ಮುದಲಾಳಿಯೂ ತಲೆಯಾಡಿಸಿ ನಗುತ್ತಿದ್ದ. ಬೀದಿಯ ಎಲ್ಲ ಮನೆಗಳಲ್ಲೂ ಹೀಗೇ. ಸುಳ್ಳು ಹೇಳುವುದಕ್ಕೆ ತಮಿಳು, ನಿಜ ಹೇಳುವುದಕ್ಕೆ ಕನ್ನಡ. ಎದುರಿಗಿದ್ದವನ ಮೂಗಿನಡಿಯಲ್ಲೇ ನಿಜ ಹೇಳಿ ಪಾರಾಗುವ ಆ ಸುಖ ವಿಶ್ವನಾಥನ್‌ಗೆ ಸಣ್ಣವನಿದ್ದಾಗಿನಿಂದ ಗೊತ್ತು. ಆ ಸುಖದಿಂದಲೇ ಫೈಲಿನಲ್ಲಿ ಕೂಸು ಎಂದು ಬರೆದದ್ದು. ಬೆಂಗಳೂರಿನಿಂದ ಆಡಿಟರು ಎಂದಾಗ ಬೆಂಗಳೂರಿನವರಿಗೆ ಕನ್ನಡ ಬರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಕನ್ನಡವೆಂದರೆ ಅವನಿಗೆ ಮನೆಯ ಹಿಂದಿನ ಕೋಣೆ. ಅದಕ್ಕೆ ಮುಂಬಾಗಿಲೂ ಒಂದಿದೆ, ಅಲ್ಲಿಂದ ಯಾರಾದರೂ ಒಳಗೆ ಬರಬಹುದು ಎಂದು ಅವನು ಯೋಚಿಸಿದವನೇ ಅಲ್ಲ.

ಆಡಿಟರು ಕಾರ್ತಿಕಾ ಎಂಬ ಹೆಂಗಸು. ವಿಡಿಯೊದಲ್ಲಿ ಅವಳ ಹಿಂದೆ ಬಿಳಿ ಗೋಡೆ, ಒಂದು ಹಸಿರು ಗಿಡ. ಅವಳ ಕೋಣೆಯಲ್ಲಿ ಏನೂ ವಾಸನೆ ಇರಲಾರದು. ವಿಶ್ವನಾಥನ್ ತನ್ನ ಹಿಂದಿನ ಹಳದಿ ಟೈಲ್ಸು ಕಾಣದ ಹಾಗೆ ಕ್ಯಾಮೆರಾ ತಿರುಗಿಸಲು ನೋಡಿದ. ತಿರುಗಿಸಿದರೆ ಬಾಲಾಜಿಯ ಹೊಟ್ಟೆ ಬರುತ್ತಿತ್ತು. ಬಾಲಾಜಿ ಕುರ್ಚಿಯ ಬೆನ್ನಿಗೆ ಒರಗಿ ನಿಂತು ಕಿವಿಯ ಹತ್ತಿರ ಉಸಿರು ಬಿಡುತ್ತಿದ್ದ, ಉಸಿರಿನಲ್ಲಿ ಬೆಳ್ಳುಳ್ಳಿ. ಇಂಗ್ಲಿಷಿನಲ್ಲಿ ಎಲ್ಲ ಸಲೀಸಾಗಿ ಸಾಗಿತು. ಅಳಿಯನ ಫೋನಿಗೆ ಅವಳು ಹುಬ್ಬೆತ್ತಿದಳು, ಬಾಲಾಜಿ ಮುದಲಾಳಿಯ ಹೆಸರು ಹೇಳಿದ, ಹುಬ್ಬು ಇಳಿಯಿತು. ವಿನಾಯಿತಿ ಎಂದು ಬರೆದುಕೊಂಡಳು. ಜೋಸ್ಯರೂ ವಿನಾಯಿತಿ. ಫೈಲು ಕೆಳಗೆ ಸರಿಯುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ, ಒನ್ ಮಿನಿಟ್, ಸ್ವಲ್ಪ ಮೇಲೆ ಹೋಗಿ ಅಂದಳು. ಆಮೇಲೆ ಕನ್ನಡದಲ್ಲಿ, "ಇದೇನಿದು, ಕೂಸು? ಕೂಸು ಅಂದ್ರೆ ಮಗು ಅಲ್ವಾ? ನೀವು ಕನ್ನಡದವರಾ ವಿಶ್ವನಾಥನ್?" ಅಂದಳು.

ಆಫೀಸಿನಲ್ಲಿ, ಹಗಲು ಹೊತ್ತಿನಲ್ಲಿ, ಪರದೆಯ ಒಳಗಿನಿಂದ ಆ ಭಾಷೆ ಬಂದದ್ದು ಉಟ್ಟ ಪಂಚೆ ಬೀದಿಯಲ್ಲಿ ಜಾರಿದ ಹಾಗಿತ್ತು. "ಊಂ ಮೇಡಂ. ಮನೇಲಿ ಮಾತಾಡ್ಕಂತೀವಿ" ಅಂದ. ಅವಳ ಮುಖ ಅರಳಿತು. "ಅಯ್ಯೋ ಹೌದಾ! ಸೇಲಂನಲ್ಲಿ ಕನ್ನಡ!" ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಅದು ಪ್ರಿಂಟರ್ ಅಲ್ಲ ಅಲ್ವಾ? ನಂಬರ್ ನೋಡಿದ್ರೆ ಫೋನ್ ಥರ ಕಾಣುತ್ತೆ. ಯಾರದಾದ್ರೂ ಇರ್ಲಿ, ಹೇಳಿ, ಪರವಾಗಿಲ್ಲ. ಕಾರಣ ಇದ್ರೆ ಇದನ್ನೂ ವಿನಾಯಿತಿಗೆ ಹಾಕ್ಕೋತೀನಿ. ಜೋತಿಷಿಗಳಿಗೇ ಕೊಟ್ಟಿದ್ದೀವಂತೆ!" ಎಂದು ನಕ್ಕಳು. ಒಳ್ಳೆಯ ಹೆಂಗಸು. ಎಷ್ಟು ಒಳ್ಳೆಯವಳೆಂದರೆ ಅವನಿಗೆ ಅವಳ ಮೇಲೆ ಸಿಟ್ಟೇ ಬಂತು. ಒಂದು ಮಾತು ಹೇಳಿದರೆ ಸಾಕಿತ್ತು. ಹಾಸ್ಟೆಲಿನ ಒಬ್ಬ ತಾಯಿಯದು, ಮಧ್ಯಾಹ್ನ ಕೂಸು ಉಣ್ಣುವ ಹೊತ್ತಿಗೆ ಬೇಕು, ಇಷ್ಟು. ಬಾಲಾಜಿಗೆ ಅರ್ಥವೂ ಆಗುತ್ತಿರಲಿಲ್ಲ. ಅಪ್ಪ ಜೀವಮಾನವಿಡೀ ಮಾಡಿದ ಹಾಗೆ ನಗುಮುಖ ಇಟ್ಟುಕೊಂಡು ಮುದಲಾಳಿಯ ಮೂಗಿನಡಿಯಲ್ಲೇ ನಿಜ ಹೇಳಿ ಮುಗಿಸಬಹುದಿತ್ತು.

ಆದರೆ ಕಿವಿಯ ಹತ್ತಿರ ಬಾಲಾಜಿ, "ಎನ್ನ ಪೇಸುರೀಂಗ? ಕನ್ನಡಮಾ? ಅಡೇ ವಿಸು, ನೀ ಕನ್ನಡಮಾ?" ಎಂದು ಬೆನ್ನ ಮೇಲೆ ಗುದ್ದಿ ನಗುತ್ತಿದ್ದ. ಆ ನಗು ಎಲ್ಲಿಗೆ ಹೋಗುತ್ತದೆಂದು ವಿಶ್ವನಾಥನ್‌ಗೆ ಗೊತ್ತು. ಯಾರ ಫೋನು, ಯಾವ ಹೆಂಗಸು, ಹಾಸ್ಟೆಲಿನವಳಾ, ನಿನಗೂ ಅವಳಿಗೂ ಏನು, ಮತ್ತೆ ಆ ಕಣ್ಣು ಮಿಟುಕು. ಏನೂ ಇಲ್ಲ ಎಂದು ಆಣೆ ಮಾಡಬಹುದು; ಆದರೆ ಅಂಗೈಯಲ್ಲಿ ಹಿಡಿದಿಟ್ಟ ಆ ಫೋನಿನ ಬಿಸುಪು? ಏನೂ ಇಲ್ಲದಿರುವುದರಲ್ಲಿ ಅಷ್ಟು ಇತ್ತಲ್ಲ. ಅವನ ನಾಲಿಗೆ ತಾನಾಗಿ ಹೊರಳಿತು. "ಅದೇನೂ ಇಲ್ಲ ಮೇಡಂ. ಅಳೇ ಪ್ರಿಂಟರು. ಕೆಟ್ಟೋಗೈತೆ."

"ಕೆಟ್ಟೋಗೈತೆ!" ಕಾರ್ತಿಕಾ ಕೈ ತಟ್ಟಿ ನಕ್ಕಳು. "ಎಷ್ಟು ಸ್ವೀಟಾಗಿದೆ ನಿಮ್ಮ ಕನ್ನಡ! ನಮ್ಮ ಮನೆ ಕೆಲಸದಮ್ಮ ಥೇಟ್ ಹೀಗೇ ಮಾತಾಡ್ತಾರೆ." ಅವಳ ಮುಖದಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅವನು ನಕ್ಕ. ಬಾಲಾಜಿಯೂ ಯಾತಕ್ಕೆಂದು ತಿಳಿಯದೆ ನಕ್ಕ. ಕೆಟ್ಟಿರೋದು ಯಾಕೆ ಇರ್ಬೇಕು, ತೆಗೆದುಬಿಡಿ ಹಾಗಾದ್ರೆ ಎಂದು ಅವಳು ಮತ್ತೆ ಇಂಗ್ಲಿಷಿಗೆ ಹೊರಳಿದಳು. ವಿಶ್ವನಾಥನ್ ಆ ಸಾಲನ್ನು ಹಿಡಿದು ಅಳಿಸಿದ. ಆಮೇಲೆ ಉಳಿದ ಫೋನುಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿ, ಪೆಟ್ಟಿಗೆಗೆ ತುಂಬಿ, ಗುಂಡಿ ಒತ್ತಿದ. ಹಸಿರು ದೀಪಗಳು ಆರಿದವು, ಒಂದೊಂದಾಗಿ ಹತ್ತಿಕೊಂಡವು. ಈ ಫೈಲನ್ನು ನನಗೆ ಕಳಿಸಿ, ಸಂಜೆ ಪೆಟ್ಟಿಗೆಯಲ್ಲಿರುವುದರ ಜೊತೆ ಹೋಲಿಸಿ ನೋಡುತ್ತೇನೆ ಎಂದು ಅವಳು ಹೊರಟಳು. ಹೊರಡುವಾಗ, "ಬರ್ತೀನಿ, ಆಯ್ತಾ?" ಎಂದು ಕನ್ನಡದಲ್ಲಿ ಕೈ ಬೀಸಿದಳು. ಗುಗೈಯಲ್ಲಿ ಹುಟ್ಟಿ ಇಷ್ಟು ವರ್ಷಕ್ಕೆ ಅವನು ಮೊದಲ ಸಲ ಕನ್ನಡದಲ್ಲಿ ಸುಳ್ಳು ಹೇಳಿದ್ದ, ಅದೂ ಒಬ್ಬ ಕನ್ನಡದವಳಿಗೆ. "ಕೂಸುನ್ನಾ ಎನ್ನಡಾ?" ಎಂದು ಬಾಲಾಜಿ ಕೇಳಿದ. ಕೊಳಂದೆ ಸಾರ್, ಎಂದು ತಮಿಳಿನಲ್ಲಿ ಅರ್ಥ ಹೇಳಿದ. "ಪ್ರಿಂಟರುಕ್ಕು ಕೊಳಂದೆಯಾ!" ಎಂದು ಬಾಲಾಜಿ ಹೊಟ್ಟೆ ಹಿಡಿದು ನಗುತ್ತ, ನಗುವಿನ ನೀರನ್ನು ಕಣ್ಣಿನಿಂದ ಒರೆಸಿ, ಆ ಕೈಯನ್ನು ಕುರ್ಚಿಗೆ ಒರೆಸಿ ಹೋದ.

ಮಧ್ಯಾಹ್ನದ ಊಟದ ಸೈರನ್ನು ಊದಿತು. ಡಬ್ಬಿ ತೆರೆದರೆ ಮೊಸರನ್ನ ಬಿಸಿಗೆ ಹುಳಿತು ನೀರು ಬಿಟ್ಟುಕೊಂಡಿತ್ತು, ಮುಚ್ಚಿದ. ಮೆಟ್ಟಿಲು ಈ ಬಾಗಿಲಿನಿಂದ ದೂರವಿಲ್ಲ. ಈಗ ಅವಳು ಬಂದು ಕೂತಿರುತ್ತಾಳೆ. ಫೋನನ್ನು ಮೊಣಕಾಲಿಗೆ ಆನಿಸಿರುತ್ತಾಳೆ. ಅವಳ ಫೋನಿನ ಗುರುತಿನ ಸಂಖ್ಯೆ ಅವನಿಗೆ ಬಾಯಿಪಾಠ. ಆ ಸಾಲನ್ನು ಮತ್ತೆ ಬರೆಯುವುದಕ್ಕೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಬೇಡ. ಬರೆದರೆ ಸಂಜೆ ಕಾರ್ತಿಕಾಗೆ ಕಾಣುತ್ತದೆ, ಕಂಡರೆ ಕೇಳುತ್ತಾಳೆ, ಕೇಳಿದರೆ ಬೆಳಿಗ್ಗೆ ಹೇಳಿದ್ದು ಸುಳ್ಳೆಂದು ಅವನ ಬಾಯಿಂದಲೇ ಹೇಳಬೇಕು. ಅಷ್ಟೇ ತಾನೆ? ಕೆಲಸ ಹೋಗುವುದಿಲ್ಲ, ಪೊಲೀಸರು ಬರುವುದಿಲ್ಲ. ಸ್ವಲ್ಪ ನಾಚಿಕೆ, ಬಾಲಾಜಿಯ ಒಂದಷ್ಟು ಕೊಳಕು ನಗೆ. ಅಷ್ಟಕ್ಕಾಗಿ ಒಂದು ಕೂಸು ಹಲ್ಲು ಕಚ್ಚಿಕೊಂಡು ಕೂರಬೇಕೇ? ಬೇಡ ಎಂದು ಅವನ ಮನಸ್ಸು ಸ್ಪಷ್ಟವಾಗಿ ಹೇಳಿತು. ಕೈ ಮಾತ್ರ ಮೇಜಿನ ಮೇಲಿನಿಂದ ಏಳಲಿಲ್ಲ. ತನ್ನ ಕೈಯನ್ನೇ ಅವನು ಬೇರೆ ಯಾರದೋ ಎಂಬಂತೆ ನೋಡಿದ. ಉಗುರು ಸಂದಿಯಲ್ಲಿ ಟೀಯ ಕೆನೆ ಒಣಗಿತ್ತು. ಹೇಸಿಗೆ ಹುಟ್ಟಿತು. ಎದ್ದು ಹೊರಗೆ ಹೋಗಿ ತೊಳೆಯೋಣವೆಂದು ಬಾಗಿಲು ತೆರೆದರೆ ಭುವನಾ ಎದುರಿಗೇ ನಿಂತಿದ್ದಳು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಗಿಲು ಬಡಿಯುವ ಧೈರ್ಯವಾಗಿರಲಿಲ್ಲ. "ಅಣ್ಣಾ, ಕ್ವಾಪ ಮಾಡ್ಕಬ್ಯಾಡಿ. ಸುತ್ಕಂಡೇ ಐತೆ, ಓಗಾಕಿಲ್ಲ ಅಂತೈತೆ. ನಾನೇ ಏನೋ ಒತ್ಬುಟ್ನಾ ಏನೋ. ನೆನ್ನೆ ಸೋಪಿನ್ ನೀರಾಗೆ ಕೈ ಇತ್ತು, ಅಂಗೇ ಇಡ್ಕಂಡ್‌ಬುಟ್ಟಿದ್ದೆ." ಎರಡು ಕೈಯಲ್ಲೂ ಫೋನನ್ನು ಚಾಚಿದಳು. ತಪ್ಪು ಮಾಡಿದವಳ ಮುಖ ಅವಳದ್ದಾಗಿತ್ತು. ಅವನು ಫೋನು ಇಸಕೊಂಡ. ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಯಾರೋ ಅಂದರು. ಅವನು ಗಾಜಿನ ಮೇಲೆ ಬೆರಳು ಆಡಿಸಿದ, ಆರಿಸಿ ಹಚ್ಚಿದ, ಡಾಕ್ಟರ ಹಾಗೆ ಹುಬ್ಬು ಗಂಟಿಕ್ಕಿದ. "ನೀರ್ ಓಗೈತಮ್ಮ ಒಳೀಕೆ" ಅಂದ. "ಇದು ಇನ್ನ ಆಗಾಕಿಲ್ಲ." ಅವಳು ನಂಬಿದಳು. ಒಂದು ಕ್ಷಣವೂ ಅನುಮಾನಿಸಲಿಲ್ಲ. "ನನ್ ಕೈಗಷ್ಟು ಬೆಂಕಿ ಬೀಳ" ಎಂದು ತನ್ನ ಕೈಯನ್ನು ತಾನೇ ಬೈದುಕೊಂಡಳು. ಆಮೇಲೆ ತಲೆ ತಗ್ಗಿಸಿ, "ಅಣ್ಣಾ, ನಿಮ್ ಫೋನ್ನಾಗೆ ಒಂದ್ ಕಿತ ಆಕ್ಕೊಡ್ತೀರಾ? ಒಂದೇ ಕಿತ. ಅತ್ತೆ ಗಂಜಿ ಇಡ್ಕಂಡು ಕಾಯ್ತಾ ಕುಂತಿರ್ತೈತೆ" ಅಂದಳು.

ಇಲ್ಲ ಎನ್ನಲು ಅವನ ಬಳಿ ಇನ್ನೊಂದು ಸುಳ್ಳು ಉಳಿದಿರಲಿಲ್ಲ. ಅವಳು ನಂಬರು ಹೇಳಿದಳು, ಅವನು ಒತ್ತಿದ. ಯಂತ್ರಗಳನ್ನು ನೋಡಿಕೊಳ್ಳುವವನದೆಂದು ಅವನ ಫೋನಿಗೂ ವಿನಾಯಿತಿ ಸಿಕ್ಕಿ ಅದು ಆಫೀಸಿನ ಬೀದಿಯಲ್ಲೇ ಉಳಿದಿತ್ತು, ಕರೆ ತಕ್ಷಣ ಹೋಯಿತು. ಪರದೆಯಲ್ಲಿ ಮೊದಲು ಒಂದು ಮಣ್ಣಿನ ಗೋಡೆ ಓರೆಯಾಗಿ ಕಂಡಿತು, ಅಳುವ ದನಿ ಕೇಳಿತು, ಆಮೇಲೆ ಅತ್ತೆ ವೆಂಕಟಲಕ್ಷ್ಮಮ್ಮನ ಹಣೆ, ಆಮೇಲೆ ಕೂಸು. ತಲೆ ದೊಡ್ಡದು, ಕುತ್ತಿಗೆ ಸಣ್ಣದು, ಮೂಗಿನಿಂದ ಸಿಂಬಳ ತುಟಿಯವರೆಗೆ ಇಳಿದಿತ್ತು. ಹಲ್ಲು ಕಚ್ಚಿ ಅಳುತ್ತ ಮುದುಕಿಯ ಕೈಯ ಚಮಚವನ್ನು ತಳ್ಳುತ್ತಿತ್ತು. ಪರದೆ ಬೆಳಗಿದ್ದೇ ತಡ, ಅಳು ನಿಂತಿತು. ಒದ್ದೆ ಕಣ್ಣುಗಳು ವಿಶ್ವನಾಥನ್‌ನ ಮುಖದ ಮೇಲೆ ಬಂದು ಕೂತವು. ನೋಡಿತು. ನೋಡುತ್ತಲೇ, ಬೆಳಕಿನೊಳಗಿಂದ ಯಾವ ಮುಖ ಬಂದರೂ ಅದು ಉಣಿಸುವ ಮುಖವೇ ಎಂದು ನಂಬಿದ ಹಾಗೆ, ಬಾಯಿ ಬಿಟ್ಟಿತು. ಮುದುಕಿ ಚಮಚ ಒಳಗಿಟ್ಟಳು. "ಯಾರಪ್ಪಾ ನೀನು? ಯಾರಾನಾ ಆಗು, ಅಂಗೇ ಇರು, ಅಲ್ಲಾಡ್ಬ್ಯಾಡ. ಬೆಳಿಗ್ಗಿಂದ ಒಂದ್ ತೊಟ್ಟು ಮುಟ್ಟಿಲ್ಲ ಇದು."

ಭುವನಾ ಅವನ ಪಕ್ಕಕ್ಕೆ ಬರಲೆಂದು ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತುಬಿಟ್ಟಳು. ಬಗ್ಗಿ ನೋಡಿದರೆ ಸಾಕು, ಪರದೆಯಲ್ಲಿ ಅವಳ ಮುಖವೂ ಬರುತ್ತಿತ್ತು. ಅವಳು ಬಗ್ಗಲಿಲ್ಲ. ಕೂಸು ನುಂಗುತ್ತಿತ್ತು, ಈಗ ಅಮ್ಮನನ್ನು ಕಂಡರೆ ನಿಲ್ಲಿಸಿ ಮತ್ತೆ ಅತ್ತೀತು ಎಂದು ಅವಳಿಗೆ ಅನಿಸಿರಬೇಕು, ಅಥವಾ ತನ್ನ ಮುಖವೇ ಬೇಕೆಂದಿಲ್ಲ ಎಂಬುದನ್ನು ಅವಳು ನೋಡಿದ್ದಿರಬೇಕು. ಫೋನಿನ ಹಿಂದೆ, ಕೂಸಿಗೆ ಕಾಣದ ಕಡೆ, ಗೋಡೆಗೆ ಆನಿಕೊಂಡಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ವಿಶ್ವನಾಥನ್‌ನ ಮುಖ ಮಾತ್ರ. ಅದನ್ನೇ ನೋಡುತ್ತ, ಅದರಲ್ಲಿ ಕೂಸು ಏನು ಮಾಡುತ್ತಿದೆಯೆಂದು ಓದುತ್ತ ನಿಂತಳು. ಅವಳ ತುಟಿ ನಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನಿಗೆ ಫೋನನ್ನು ನೆಲಕ್ಕೆ ಅಪ್ಪಳಿಸಬೇಕೆನಿಸಿತು, ನೀರು ಹೋಗಿಲ್ಲ, ನಾನೇ ಅಳಿಸಿದ್ದು ಎಂದು ಕೂಗಬೇಕೆನಿಸಿತು. ಆದರೆ ಕೈ ಅಲ್ಲಾಡಿದರೆ ಕೂಸಿನ ಬಾಯಿ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕೂಸು ಮುಖ ಸಿಂಡರಿಸಿ ತುಟಿ ಬಿಗಿಮಾಡಿತು. ಮುದುಕಿಯ ಚಮಚ ಗಾಳಿಯಲ್ಲಿ ನಿಂತಿತು.

"ಅಣ್ಣಾ," ಭುವನಾ ಗೋಡೆಯ ಕಡೆಯಿಂದ ಪಿಸುಗುಟ್ಟಿದಳು, "ಬಾಯಿ ತೆಗೀರಿ. ನೀವ್ ತೆಗುದ್ರೆ ಅದೂ ತೆಗೀತೈತೆ."

ವಿಶ್ವನಾಥನ್ ಬಾಯಿ ತೆರೆದ.